ಹಕ್ಕಿಯ ಹಿತ್ತಲಿಗೆ ಹುಳವೂ ಬೇಕು

ಮೈಸೂರಿನ ಅಂಚಿನ ಬಡಾವಣೆಯೊಂದರಲ್ಲಿ ನಮ್ಮದು 40–60ರ ಸೈಟು. ಮನೆ ಕಟ್ಟಿ ಮಿಕ್ಕ ಹಿತ್ತಲಿನಲ್ಲಿ ಹಕ್ಕಿಗಳಿಗೆಂದೇ ಗಿಡ ಬೆಳೆಸಲು ಶುರುಮಾಡಿ ಹಲವು ವರ್ಷಗಳಾದವು. ನೋಡಲು ಬಂದವರು ಮೊದಲು ಕೇಳುವ ಪ್ರಶ್ನೆ ಒಂದೇ: ‘ಯಾವ ಹಣ್ಣಿನ ಗಿಡ ಹಾಕಿದ್ರೆ ಹಕ್ಕಿ ಬರ್ತವೆ?’ ಹಣ್ಣಿನ ಗಿಡದ ಪಟ್ಟಿ ಕೊಡುವುದು ಕಷ್ಟವಲ್ಲ, ಮುಂದೆ ಕೊಟ್ಟೂ ಇದ್ದೇನೆ. ಆದರೆ ಹಣ್ಣು ಇರುವಷ್ಟು ದಿನ ಬಂದು ಹೋಗುವ ಹಕ್ಕಿ ಬೇರೆ, ನಮ್ಮಲ್ಲೇ ಗೂಡು ಕಟ್ಟಿ ಮರಿ ಮಾಡುವ ಹಕ್ಕಿ ಬೇರೆ. ಎರಡನೆಯದು ಬೇಕೆಂದರೆ ಗಿಡದಲ್ಲಿ ಹುಳ ಇರಬೇಕು. ಹಿತ್ತಲು ನನಗೆ ಕಲಿಸಿದ ದೊಡ್ಡ ಪಾಠ ಇದು.

ಬೇಗ ಫಲ ಬೇಕೆನ್ನುವವರಿಗೆ ಗಸಗಸೆ ಮರಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಸಿಂಗಾಪುರ ಚೆರ್ರಿ ಎಂದು ನರ್ಸರಿಯವರು ಮಾರುವುದೂ ಇದನ್ನೇ. ನೆಟ್ಟ ಒಂದೆರಡು ವರ್ಷದಲ್ಲೇ ಕೊಡೆಯಂತೆ ಹರಡಿ, ಹೆಚ್ಚುಕಡಿಮೆ ವರ್ಷವಿಡೀ ಕೆಂಪು ಹಣ್ಣು ಬಿಡುತ್ತದೆ. ಪಿಕಳಾರ, ಕೋಗಿಲೆ, ಕುಟ್ರು ಹಕ್ಕಿ, ಹೆಬ್ಬೆರಳಿಗಿಂತ ತುಸು ದೊಡ್ಡದಾದ ಬದನಿಕೆ ಹಕ್ಕಿ, ರಾತ್ರಿಯಾದರೆ ಬಾವಲಿ – ಎಲ್ಲಕ್ಕೂ ಇಲ್ಲಿ ಊಟವಿದೆ. ಆದರೆ ಇದು ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಮರ. ಹಕ್ಕಿ ಹಿಕ್ಕೆ ಹಾಕಿದಲ್ಲೆಲ್ಲ ಸಸಿ ಏಳುತ್ತದೆ. ಒಂದು ಬೀದಿಗೆ ಒಂದು ಮರ ಸಾಕು. ಹಿತ್ತಲಿನ ಮಿಕ್ಕ ಜಾಗ ನಮ್ಮ ನೆಲದ ಗಿಡಗಳಿಗೆ ಇರಲಿ.

ಹೂವಿನ ಮಾತಿಗೆ ಬಂದರೆ ಸೂರಕ್ಕಿಯದೇ ಮೊದಲ ಹಕ್ಕು. ಐದೆಸಳಿನ ಕೆಂಪು ದಾಸವಾಳಕ್ಕೆ ಬರುವಷ್ಟು ಸಲ ಅದು ಸುತ್ತಿನ ದಾಸವಾಳಕ್ಕೆ ಬರುವುದಿಲ್ಲ. ಸುತ್ತು ಹೂವಿನಲ್ಲಿ ಎಸಳು ಹೆಚ್ಚಿ, ಮಕರಂದದ ದಾರಿ ಮುಚ್ಚಿಹೋಗಿರುತ್ತದೆ. ಸೂರಕ್ಕಿ ಬಹುಪಾಲು ಕೂತೇ ಮಕರಂದ ಹೀರುವ ಹಕ್ಕಿಯಾದ್ದರಿಂದ ಅದಕ್ಕೆ ಹೂವಿನಷ್ಟೇ ಹೂವಿನ ಪಕ್ಕದ ಗಟ್ಟಿ ಕಡ್ಡಿಯೂ ಬೇಕು. ಆ ಕಡ್ಡಿಯ ಮೇಲೆ ಕೂತು, ಎಷ್ಟೋ ಸಲ ದಾಸವಾಳದ ಬುಡಕ್ಕೇ ಕೊಕ್ಕು ಚುಚ್ಚಿ ರಸ ಕದಿಯುತ್ತದೆ. ಆದ್ದರಿಂದ ದಾಸವಾಳವನ್ನು ಬೇಲಿಯಂತೆ ಮಟ್ಟಸವಾಗಿ ಕತ್ತರಿಸುವುದನ್ನು ನಾನು ಬಿಟ್ಟೆ. ಬಾಳೆಯ ಹೂವು, ಆಡುಸೋಗೆ, ನುಗ್ಗೆ ಹೂವು ಕೂಡ ಅದಕ್ಕೆ ಪ್ರಿಯ. ನುಗ್ಗೆ ಹೂಬಿಟ್ಟಾಗ ಬೆಳ್ಗಣ್ಣಗಳೂ ಗುಂಪಾಗಿ ಬರುತ್ತವೆ.

ಹಣ್ಣಿನ ಗಿಡ ಆರಿಸುವಾಗ ಜಾತಿಗಿಂತ ಮುಖ್ಯವಾದದ್ದು ತಿಂಗಳು. ಎಲ್ಲ ಗಿಡವೂ ಒಂದೇ ಕಾಲದಲ್ಲಿ ಹಣ್ಣಾದರೆ ಮಿಕ್ಕ ತಿಂಗಳು ಹಿತ್ತಲು ಖಾಲಿ. ನೇರಳೆ ಮುಂಗಾರು ಹಿಡಿಯುವ ಹೊತ್ತಿಗೆ, ಬೇವಿನ ಹಣ್ಣು ಅದರ ಹಿಂದೆಯೇ, ಮಳೆಗಾಲದಲ್ಲಿ ಕರಿಬೇವಿನ ಕಪ್ಪು ಹಣ್ಣು, ಮಳೆ ಮುಗಿದ ಮೇಲೆ ಬಸಳೆಯ ಬಳ್ಳಿಯಲ್ಲಿ ನೇರಳೆ ಬಣ್ಣದ ಹಣ್ಣು. ಶ್ರೀಗಂಧ ವರ್ಷಕ್ಕೆ ಎರಡು ಸಲ ಫಲ ಬಿಡುತ್ತದೆ. ನಮ್ಮ ಬೇಲಿಯಂಚಿನ ಗಂಧದ ಸಸಿಯನ್ನು ನಾವು ನೆಟ್ಟಿದ್ದಲ್ಲ, ಹಕ್ಕಿಗಳೇ ಬಿತ್ತಿದ್ದು. ಗಂಧ ಪಕ್ಕದ ಗಿಡಗಳ ಬೇರಿನಿಂದ ನೀರು, ಸತ್ವ ಹೀರುವ ಅರೆಪರಾವಲಂಬಿ. ಹಾಗಾಗಿ ಅದನ್ನು ಒಂಟಿಯಾಗಿ ನೆಡುವ ಬದಲು ಗುಂಡಿಯಲ್ಲೇ ತೊಗರಿ ಹಾಕುವ ರೂಢಿ ರೈತರಲ್ಲಿದೆ. ಮನೆಯಲ್ಲಿ ನೆಡುವವರಿಗೂ ಅದೇ ದಾರಿ.

ಆಲ, ಬಸರಿ, ಅತ್ತಿ ಹಕ್ಕಿಗಳ ಪಾಲಿಗೆ ಮಹಾಮರಗಳು. ಒಂದು ಮರ ಹಣ್ಣಾದಾಗ ಇನ್ನೊಂದು ಕಾಯಿಯಲ್ಲಿರುತ್ತದೆ, ಹಾಗಾಗಿ ಬೇರೆ ಹಣ್ಣಿಲ್ಲದ ತಿಂಗಳುಗಳಲ್ಲೂ ಎಲ್ಲಾದರೂ ಒಂದು ಕಡೆ ಊಟ ಸಿಗುತ್ತದೆ. ಆದರೆ ಅವುಗಳ ಬೇರು ತಳಪಾಯವನ್ನೂ ಸಂಪನ್ನೂ ಬಿಡುವುದಿಲ್ಲ. ಅವನ್ನು ಸೈಟಿನೊಳಗೆ ತರದೆ ಕೆರೆ ಏರಿಗೋ ಉದ್ಯಾನಕ್ಕೋ ಕೊಡುವುದು ಒಳ್ಳೆಯದು.

ಇನ್ನು ಹುಳದ ವಿಷಯ. ತೋಟದ ಕೆಲಸಕ್ಕೆ ಬರುವವರು ಮಳೆಗಾಲ ಶುರುವಾದರೆ ತಪ್ಪದೆ ಕೇಳುತ್ತಾರೆ, ‘ಸಾರ್, ಎಲೆಯೆಲ್ಲ ತೂತು ಬಿದ್ದದೆ, ಔಷಧಿ ಹೊಡೆದುಬಿಡ್ಲಾ?’ ‘ಬೇಡಪ್ಪ, ಹಂಗೇ ಇರ್ಲಿ’ ಅಂದರೆ ಅವರಿಗೆ ನಗು. ಆದರೆ ಕಾಳು ತಿನ್ನುವ ಗುಬ್ಬಚ್ಚಿ, ಗೀಜಗ ಕೂಡ ಮರಿಗೆ ಉಣಿಸುವುದು ಹುಳುಹುಪ್ಪಟೆಯನ್ನೇ. ಹಣ್ಣುಬಾಕ ಪಿಕಳಾರವೂ ಮೊಟ್ಟೆಯೊಡೆದ ಎಳೆಮರಿಗೆ ಹುಳ ತರುತ್ತದೆ. ಮಕರಂದವೇ ಬದುಕು ಎಂದು ನಾವು ತಿಳಿದ ಸೂರಕ್ಕಿ ಮರಿಗೆ ಜೇಡ, ಸಣ್ಣ ಕೀಟ ಹಿಡಿದು ತರುತ್ತದೆ. ಅದರ ಜೋತಾಡುವ ಗೂಡನ್ನು ಬಿಗಿಯುವುದೂ ಜೇಡರ ಬಲೆಯ ನೂಲಿನಿಂದ. ಬೆಳೆಯುವ ಮರಿಗೆ ಬೇಕಾದ ಪ್ರೋಟೀನು ಹಣ್ಣಿನಲ್ಲಿ ಸಾಲುವುದಿಲ್ಲ. ಔಷಧಿ ಹೊಡೆದ ಹಿತ್ತಲಿನಲ್ಲಿ ಹಣ್ಣು ತುಂಬಿದ್ದರೂ ಮರಿಗೆ ಊಟವಿಲ್ಲ.

ನಿಂಬೆ ಮತ್ತು ಕರಿಬೇವು ಇದಕ್ಕೆ ಒಳ್ಳೆಯ ಪಾಠಶಾಲೆ. ನಿಂಬೆ ಚಿಟ್ಟೆ ಇವುಗಳ ಚಿಗುರಿಗೆ ಮೊಟ್ಟೆಯಿಡುತ್ತದೆ. ಅದರ ಎಳೆಯ ಹುಳ ನೋಡಲು ಥೇಟ್ ಹಕ್ಕಿಯ ಹಿಕ್ಕೆ – ಕಂದು ಮೈ, ನಡುವೆ ಬಿಳಿ ಪಟ್ಟೆ. ಹಕ್ಕಿಯ ಕಣ್ಣು ತಪ್ಪಿಸಲೆಂದೇ ಈ ವೇಷ. ಬಲಿತ ಮೇಲೆ ಎಲೆಯ ಹಸಿರು ಬಣ್ಣಕ್ಕೆ ತಿರುಗುತ್ತದೆ. ಆದರೂ ಟುವ್ವಿ ಹಕ್ಕಿ ಎಲೆಯಡಿ ಎಲೆಯಡಿ ತಡಕಿ ಹುಳ ಹೆಕ್ಕುತ್ತದೆ. ಅಂಗೈಯಗಲದ ಕರಿಬೇವಿನ ಪೊದೆಯಲ್ಲೂ ಅದಕ್ಕೆ ಬೆಳಗಿನ ಊಟವಿದೆ. ಕೆಲವು ಹುಳ ಹಕ್ಕಿಗೆ ಹೋಗುತ್ತವೆ, ಕೆಲವು ಚಿಟ್ಟೆಯಾಗುತ್ತವೆ, ನಮ್ಮ ಒಗ್ಗರಣೆಗೂ ಎಲೆ ಉಳಿಯುತ್ತದೆ.

ನುಗ್ಗೆ ಮರದ್ದು ಇನ್ನೂ ಕಠಿಣ ಪರೀಕ್ಷೆ. ಮಳೆಗಾಲದಲ್ಲಿ ಅದರ ಬೊಡ್ಡೆಗೆ ಕಂಬಳಿಹುಳುಗಳು ಗುಂಪುಗುಂಪಾಗಿ ಅಂಟಿಕೊಂಡಿರುತ್ತವೆ, ಮೈಗೆ ತಾಗಿದರೆ ತುರಿಕೆ. ಹೆಚ್ಚಿನ ಹಕ್ಕಿಗಳು ಆ ರೋಮಕ್ಕೆ ಹೆದರಿ ದೂರ. ಆದರೆ ಚಾತಕವೂ ಸೇರಿದಂತೆ ಕೋಗಿಲೆ ವಂಶದ ಹಕ್ಕಿಗಳಿಗೆ ಕಂಬಳಿಹುಳುವೆಂದರೆ ಹಬ್ಬದೂಟ. ಮಕ್ಕಳಿರುವ ಮನೆಯಲ್ಲಿ ನುಗ್ಗೆಯನ್ನು ಓಡಾಡುವ ದಾರಿಯಿಂದ ದೂರ, ಹಿತ್ತಲಿನ ಮೂಲೆಗೆ ಹಾಕಿದರೆ ಹುಳವನ್ನು ಸಹಿಸುವುದು ಸುಲಭ. ಹಾಗೆಯೇ ಉದುರಿದ ಎಲೆಯನ್ನು ಗುಡಿಸಿ ಸುಡದೆ ಗಿಡದ ಬುಡಕ್ಕೇ ಬಿಟ್ಟರೆ ಹರಟೆಮಲ್ಲಗಳ ತಂಡ ಬಂದು ಎಲೆ ಮಗುಚಿ ಹುಳ ಹುಡುಕುತ್ತದೆ, ಮಡಿವಾಳ ಹಕ್ಕಿಯೂ ಕೆಳಗಿಳಿಯುತ್ತದೆ. ಎಲೆ ಗೊಬ್ಬರವಾಗುವುದು ಉಚಿತ ಲಾಭ.

ಕಾಳಿನ ತಟ್ಟೆ ಇಡುವುದರ ಬಗ್ಗೆಯೂ ಕೇಳುತ್ತಾರೆ. ನಗರದಲ್ಲಿ ಕಾಳು ಸುರಿದಲ್ಲಿ ಪಾರಿವಾಳಗಳದೇ ರಾಜ್ಯ, ಸಣ್ಣ ಹಕ್ಕಿಗೆ ತಾವು ಸಿಗದು. ಅದರ ಬದಲು ಕುಂಡದಲ್ಲಿ ಒಂದು ಹಿಡಿ ನವಣೆ, ಸಜ್ಜೆ ಬಿತ್ತಿ ತೆನೆ ಒಣಗಲು ಬಿಡಿ. ತೆಳು ದಂಟಿನ ಮೇಲೆ ಜೋತು ಕಾಳು ಬಿಡಿಸುವುದು ರಾಟವಾಳದಂಥ ಹಗುರ ಹಕ್ಕಿಗೆ ಸಲೀಸು, ಪಾರಿವಾಳಕ್ಕೆ ಆಗದ ಕೆಲಸ. ಒಂದು ಮೂಲೆಯಲ್ಲಿ ಹುಲ್ಲನ್ನೂ ಕತ್ತರಿಸದೆ ಬೀಜಕ್ಕೆ ಬಿಟ್ಟರೆ ರಾಟವಾಳಕ್ಕೆ ಕಾಳೂ ಸಿಕ್ಕಿತು, ಗೂಡಿಗೆ ನಾರೂ ಸಿಕ್ಕಿತು.

ಹಕ್ಕಿ ತಿನ್ನುತ್ತದೆ ಎಂಬ ಒಂದೇ ಕಾರಣಕ್ಕೆ ಗಿಡ ನೆಡಬಾರದು. ಲಂಟಾನದ ಹಣ್ಣನ್ನು ಪಿಕಳಾರ ಇಷ್ಟಪಟ್ಟು ತಿನ್ನುತ್ತದೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕೋಲ್ಕತ್ತಾದ ಸಸ್ಯೋದ್ಯಾನಕ್ಕೆ ಬಂದ ಆ ಗಿಡ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗೆ ನಮ್ಮ ಹುಲ್ಲು, ಸಸಿಗಳಿಗೆ ಜಾಗ ಕೊಡದೆ ಆವರಿಸಿದೆ. ಅದನ್ನು ಹರಡುವುದರಲ್ಲಿ ಹಕ್ಕಿಗಳದೇ ದೊಡ್ಡ ಪಾಲು. ಹಳದಿ ಕಣಗಿಲೆಯ ಹಣ್ಣನ್ನು ಕೋಗಿಲೆ ತಿಂದು ಅರಗಿಸಿಕೊಳ್ಳುತ್ತದೆ, ಮನುಷ್ಯರಿಗೆ ಅದರ ಬೀಜ ಪ್ರಾಣಕ್ಕೇ ಕುತ್ತು. ಹಕ್ಕಿ ತಿಂದದ್ದೆಲ್ಲ ಮಕ್ಕಳೂ ತಿನ್ನಬಹುದು ಎಂಬ ನಂಬಿಕೆಯನ್ನು ಮನೆಯಲ್ಲಿ ಮೊದಲೇ ಅಳಿಸಬೇಕು.

ಸಪೋಟ, ಪೇರಲಕ್ಕೆ ನೈಲಾನ್ ಬಲೆ ಹೊದಿಸುವುದೂ ಬೇಡ. ಅದರಲ್ಲಿ ಕಾಲು ಸಿಕ್ಕಿಕೊಂಡ ಹಕ್ಕಿಯನ್ನು ಬಿಡಿಸುವುದು ನಾವು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಯಾರು? ಕೈಗೆಟಕುವ ಹಣ್ಣಿಗೆ ಬಟ್ಟೆಯ ಚೀಲ ಕಟ್ಟಿ ನಮ್ಮ ಪಾಲು ತೆಗೆದಿಟ್ಟುಕೊಂಡು, ಮೇಲಿನ ಕೊಂಬೆಯದನ್ನು ಬಿಟ್ಟುಬಿಡುವುದು ನಮ್ಮ ಮನೆಯ ಪದ್ಧತಿ.

ನೆರೆಹೊರೆಯ ಮಾತನ್ನೂ ಲೆಕ್ಕಕ್ಕಿಟ್ಟುಕೊಳ್ಳಬೇಕು. ನೇರಳೆಯ ಕಾಲದಲ್ಲಿ ಎದುರುಮನೆಯ ಬಿಳಿ ಕಾರಿನ ಮೇಲೆ ನೇರಳೆ ಬಣ್ಣದ ಚಿತ್ತಾರ ಬಿದ್ದರೆ ಯಾರಿಗೂ ಸಂತೋಷವಾಗುವುದಿಲ್ಲ. ಕೊಂಬೆ ರಸ್ತೆಯತ್ತ ಚಾಚದಂತೆ ಸವರುವುದು, ಗೋಡೆಯ ಬಿರುಕಿನಲ್ಲಿ ಎದ್ದ ಅರಳಿ ಸಸಿಯನ್ನು ಎರಡೆಲೆಯಿರುವಾಗಲೇ ಕೀಳುವುದು, ಹಣ್ಣಾದಾಗ ಅವರ ಮನೆಗೂ ಒಂದು ಬಟ್ಟಲು ಕಳಿಸುವುದು – ಇವು ಕೂಡ ಹಕ್ಕಿ ಸಾಕಣೆಯ ಭಾಗವೇ.

ಹೊಸದಾಗಿ ಶುರುಮಾಡುವವರಿಗೆ ಹೇಳುವುದಿಷ್ಟು: ಒಂದು ಕರಿಬೇವು, ಒಂದು ಐದೆಸಳಿನ ದಾಸವಾಳ, ಚಪ್ಪರಕ್ಕೊಂದು ಬಸಳೆ, ಕುಂಡದಲ್ಲಿ ನವಣೆ, ನೆರಳಿನಲ್ಲಿ ದಿನವೂ ನೀರು ಬದಲಿಸುವ ಒಂದು ಆಳವಿಲ್ಲದ ಮಣ್ಣಿನ ಬೋಗುಣಿ. ಇಷ್ಟಕ್ಕೆ ಬಾಲ್ಕನಿಯೂ ಸಾಕು. ಜಾಗವಿದ್ದರೆ ಬೇವು, ನೇರಳೆ, ನುಗ್ಗೆ ಸೇರಿಸಿ. ಮನೆಯಲ್ಲಿರುವ ಕೀಟನಾಶಕದ ಡಬ್ಬಿಯನ್ನು ಮಾತ್ರ ಈ ಮುಂಗಾರಿನಲ್ಲಿ ಮುಟ್ಟಬೇಡಿ.