ನಿಂತ ಟ್ರ್ಯಾಕ್ಟರಿಗೆ ಕ್ಯಾಲೆಂಡರೇ ಮೀಟರು

ಇಷ್ಟು ಗಂಟೆ ಓಡಿದ ಮೇಲೆ ಆಯಿಲ್ ಬದಲಿಸಿ, ಅಷ್ಟು ಗಂಟೆಗೆ ಫಿಲ್ಟರ್ ಬದಲಿಸಿ ಎನ್ನುತ್ತದೆ ಕಂಪನಿಯ ಪುಸ್ತಕ. ಅದು ದಿನವಿಡೀ ಉಳುವ ಗಾಡಿಗೆ ಹೇಳಿದ ಮಾತು. ಸಾಗರದ ಕಡೆಯ ನಮ್ಮ ಸಣ್ಣ ತೋಟದಲ್ಲಿರುವ ಹಳೇ ಎಚ್‌ಎಂಟಿ 2511ಕ್ಕೆ ಗೊಬ್ಬರ ಸಾಗಿಸುವುದು, ಕೊಯ್ಲಿನಲ್ಲಿ ಅಡಿಕೆ ಗೊನೆ ತರುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಅದರ ಮೀಟರ್ ನಂಬಿ ಕೂತರೆ ಆಯಿಲ್ ಬದಲಿಸುವ ದಿನ ಬರುವುದೇ ಇಲ್ಲ. ಓಡುವ ಗಾಡಿ ಸವೆದು ಕೆಡುತ್ತದೆ. ನಿಂತ ಗಾಡಿಯನ್ನು ಕೆಡಿಸುವುದು ನೀರು.

ಮಲೆನಾಡಿನಲ್ಲಿ ಈ ನೀರು ಸೋರುವ ಮಾಡಿನಿಂದಲೇ ಬರಬೇಕೆಂದಿಲ್ಲ, ಗಾಳಿಯಲ್ಲೇ ಇರುತ್ತದೆ. ಅರ್ಧ ಖಾಲಿಯಿರುವ ಡೀಸೆಲ್ ಟ್ಯಾಂಕಿನ ಒಳಗೋಡೆಯ ಮೇಲೆ ಬೆವರಿಳಿದು ತಳ ಸೇರುತ್ತದೆ. ಹಾಗಾಗಿ ಮೃಗಶಿರ ಮಳೆ ಹಿಡಿಯುವ ಮೊದಲೇ ಟ್ಯಾಂಕನ್ನು ಬಾಯಿವರೆಗೆ ತುಂಬಿಸಿಬಿಡುತ್ತೇನೆ. ಮಳೆ ಬಿಟ್ಟ ಮೇಲೆ ಫಿಲ್ಟರಿನ ಅಡಿಯ ಬೋಲ್ಟ್ ಸಡಿಲಿಸಿ, ಇಳಿದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುತ್ತೇನೆ. ಡೀಸೆಲ್ ಮೇಲೆ ತೇಲಿ, ತಳದಲ್ಲಿ ನೀರು ಬೇರೆಯಾಗಿ ನಿಂತಿರುತ್ತದೆ. ಅದು ಇಂಜೆಕ್ಷನ್ ಪಂಪಿಗೆ ಹೋದರೆ ಖರ್ಚು ಸಾವಿರಗಳಲ್ಲಿ.

ಕ್ಲಚ್ಚಿನ ಕಥೆ ಇನ್ನೊಂದು. ಪ್ಲೇಟು ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿಕೊಂಡರೆ ಪೆಡಲ್ ಎಷ್ಟು ತುಳಿದರೂ ಗೇರ್ ಬೀಳುವುದಿಲ್ಲ. ಪಕ್ಕದ ತೋಟದ ಮ್ಯಾಸ್ಸಿ 1035ಕ್ಕೆ ಹಾಗಾಗಿ, ಗಾಡಿಯನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕಾಯಿತು. ಅದನ್ನು ಕಂಡ ಮೇಲೆ, ಮಳೆಗಾಲದಲ್ಲಿ ನಿಲ್ಲಿಸುವಾಗ ಪೆಡಲ್ ಒತ್ತಿ ಮರದ ತುಂಡೊಂದು ಕೊಟ್ಟಿಡುತ್ತೇನೆ. ಸೈಲೆನ್ಸರಿನ ಬಾಯಿಗೆ ಡಬ್ಬಿ ಮುಚ್ಚುತ್ತೇನೆ. ಹೈಡ್ರಾಲಿಕ್ ತೋಳು ಕೆಳಗಿಳಿಸಿ, ಬ್ಯಾಟರಿಯ ನೆಗೆಟಿವ್ ವೈರ್ ಕಳಚುತ್ತೇನೆ. ವೋಲ್ಟೇಜ್ 12.4ಕ್ಕಿಂತ ಇಳಿಯಲು ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಆಮೇಲೆ ಚಾರ್ಜ್ ನಿಲ್ಲುವುದಿಲ್ಲ. ವೈರಿಂಗಿಗೆ ಬಾಯಿ ಹಾಕಲು, ಏರ್ ಕ್ಲೀನರಿನಲ್ಲಿ ಗೂಡು ಕಟ್ಟಲು ಇಲಿ ಕಾಯುತ್ತಲೇ ಇರುತ್ತದೆ. ಮೊದಲು ಅಲ್ಲಿ ಇಣುಕಿಯೇ ಸ್ಟಾರ್ಟ್ ಮಾಡುವುದು.

ಆಗಾಗ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಸಾಕು ಎನ್ನುವವರು ಬಹಳ. ಸಾಲದು ಮಾತ್ರವಲ್ಲ, ಕೆಡುಕೇ ಹೆಚ್ಚು. ಡೀಸೆಲ್ ಉರಿದಾಗ ಹುಟ್ಟುವ ಆವಿ ತಣ್ಣನೆಯ ಎಂಜಿನ್ನಿನೊಳಗೇ ನೀರಾಗಿ ಆಯಿಲಿಗೆ ಸೇರುತ್ತದೆ. ಆಯಿಲ್ ಮುಚ್ಚಳ ತಿರುಗಿಸಿ ನೋಡಿ, ಒಳಗೆ ಬೆಣ್ಣೆಯಂಥ ಬಿಳಿ ಲೇಪ ಕಂಡರೆ ಅದೇ ಇದು. ಸ್ಟಾರ್ಟ್ ಮಾಡಿದರೆ ಟ್ರೇಲರ್ ಕಟ್ಟಿ, ಏರು ಹತ್ತಿಸಿ, ಎಂಜಿನ್ ಚೆನ್ನಾಗಿ ಕಾಯುವವರೆಗೆ ಓಡಿಸಬೇಕು. ಕ್ಲಚ್ಚು, ಬ್ರೇಕು, ಟೈರುಗಳೂ ಅಷ್ಟರಲ್ಲಿ ಮೈಮುರಿಯುತ್ತವೆ.

ಆಯಿಲಿಗೆ ನಾನು ಗೊತ್ತುಮಾಡಿಕೊಂಡಿರುವುದು ಆಯುಧಪೂಜೆ. ಆ ದಿನ ಹೇಗೂ ಗಾಡಿ ತೊಳೆಯುತ್ತೇವೆ. ಹಿಂದಿನ ದಿನವೇ ಎಂಜಿನ್ ಕಾಯಿಸಿ ಹಳೇ ಆಯಿಲ್ ಬಸಿಯುತ್ತೇನೆ. ತೊಳೆದು ಆರಿದ ಮೇಲೆ ಪ್ರತಿ ನಿಪ್ಪಲ್ಲಿಗೂ ಹಳೇ ಗ್ರೀಸ್ ಹೊರಬರುವವರೆಗೆ ಹೊಸದು ಹೊಡೆಯುತ್ತೇನೆ. ಹಾರ ಹಾಕುವುದು ಅದೆಲ್ಲ ಮುಗಿದ ಮೇಲೆ. ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲೇ ತೀರ್ಮಾನಿಸಿತು. ಬಿಡಿಭಾಗಕ್ಕೆ ಗುಜರಿ ಅಂಗಡಿ ಸುತ್ತುವುದಕ್ಕಿಂತ ವರ್ಷಕ್ಕೊಂದು ದಿನ ಕೈ ಕಪ್ಪಾಗಿಸಿಕೊಳ್ಳುವುದು ಅಗ್ಗ.