ಕಡತವು ಎಲ್ಲಿ ನಿಂತಿತು?

ತುಮಕೂರಿನಿಂದ ಶಿರಾ ಕಡೆಗೆ ಹೆದ್ದಾರಿಯಲ್ಲಿ ಪ್ರಯಾಣ ಮಾಡುವವರಿಗೆ ಕಳ್ಳಂಬೆಳ್ಳವು ಪರಿಚಿತವಾದ ಊರು. ಅಲ್ಲಿಯ ದೊಡ್ಡ ಕೆರೆಗೆ ಹಾಸನ ಜಿಲ್ಲೆಯ ಗೊರೂರು ಜಲಾಶಯದಿಂದ ಹೇಮಾವತಿಯ ನೀರನ್ನು ನಾಲೆಯ ಮೂಲಕ ತಂದಿರುವರು. ಕೆರೆಯಲ್ಲಿ ನೀರಿದ್ದು, ತೂಬನ್ನು ಎತ್ತಿದ್ದರೂ, ಜಮೀನಿಗೆ ನೀರು ಬಾರದಿದ್ದರೆ ರೈತನು ಏನು ಮಾಡುತ್ತಾನೆ? ಕಂಡಕಂಡಲ್ಲಿ ಗುದ್ದಲಿ ಹಾಕುವುದಿಲ್ಲ. ತೂಬಿನಿಂದ ಹೊರಟು ಕಾಲುವೆಯ ಗುಂಟ ನಡೆಯುತ್ತಾನೆ. ನೀರು ಎಲ್ಲಿಯವರೆಗೆ ಹರಿದಿದೆಯೋ ಅಲ್ಲಿಯವರೆಗೆ ಕಾಲುವೆ ಸರಿಯಾಗಿದೆ. ಎಲ್ಲಿ ನಿಂತಿದೆಯೋ ಅಲ್ಲಿಯೇ ತಡೆಯಿದೆ. ಆ ತಡೆಯನ್ನು ತೆಗೆದ ಮೇಲೆ ಮತ್ತೆ ಮುಂದಕ್ಕೆ ನಡೆಯುತ್ತಾನೆ.

ಮನೆಯೊಳಗಿನ ಒಂದು ಕಂಪ್ಯೂಟರಿನಲ್ಲಿರುವ ಕಡತವು ಮತ್ತೊಂದು ಕಂಪ್ಯೂಟರಿಗೆ ಕಾಣಿಸದೆ ಹೋದಾಗಲೂ ಇದೇ ಕ್ರಮ ಸಲ್ಲುತ್ತದೆ. ಕಳ್ಳಂಬೆಳ್ಳದ ಪರಿಚಿತರೊಬ್ಬರ ಮನೆಯಲ್ಲಿ ನಾವು ಕಂಡ ಒಂದು ಉದಾಹರಣೆಯಿಂದ ಇದನ್ನು ವಿಚಾರಮಾಡೋಣ.

ಆ ಮನೆಯ ಯಜಮಾನರು ಅರ್ಜಿ, ಕರಾರುಪತ್ರ ಮುಂತಾದವನ್ನು ಟೈಪು ಮಾಡಿಕೊಡುವ ಕೆಲಸದವರು. ಮುಂದಿನ ಕೊಠಡಿಯಲ್ಲಿ ಅವರ ಹಳೆಯ ಕಂಪ್ಯೂಟರ್ ಇದೆ. ಅದರಲ್ಲಿರುವುದು ವಿಂಡೋಸ್ 7. ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿರುವ ಮಗಳ ಬಳಿ ಹೊಸ ಲ್ಯಾಪ್‌ಟಾಪ್ ಇದೆ. ಅದರಲ್ಲಿ ವಿಂಡೋಸ್ 11. ಮಗಳ ಕಿರುಪ್ರಬಂಧವನ್ನು ತಂದೆಯವರೇ ಟೈಪು ಮಾಡಿದ್ದರು. ಮಗಳು ಅದನ್ನು ಪೆನ್‌ಡ್ರೈವಿನಲ್ಲಿ ಒಯ್ದು ತಿದ್ದುವಳು. ತಂದೆಯವರು ತಮ್ಮಲ್ಲಿದ್ದ ಪ್ರತಿಯನ್ನು ತಿದ್ದುವರು. ಹೀಗೆ ಒಂದು ಪ್ರಬಂಧಕ್ಕೆ ಮೂರು ಪ್ರತಿಗಳಾದುವು. ಒಂದು ದಿನ ಹಳೆಯ ಪ್ರತಿಯು ಹೊಸದರ ಮೇಲೆ ಬಿದ್ದು, ಒಂದು ಅಧ್ಯಾಯದ ತಿದ್ದುಪಡಿಗಳೆಲ್ಲ ಅಳಿಸಿಹೋದುವು. ಪ್ರಬಂಧವನ್ನು ಒಪ್ಪಿಸಲು ಉಳಿದಿದ್ದುದು ಎರಡೇ ದಿನ. ಒಂದೇ ಪ್ರತಿಯನ್ನು ಒಂದೇ ಸ್ಥಳದಲ್ಲಿಟ್ಟು ಇಬ್ಬರೂ ಅಲ್ಲಿಯೇ ತಿದ್ದುವುದು ಲೇಸೆಂದು ಅವರು ನಿಶ್ಚಯಿಸಿದರು. ಹಳೆಯ ಕಂಪ್ಯೂಟರಿನ ಒಂದು ಫೋಲ್ಡರನ್ನು ಹಂಚಿಕೆಗೆ ಇಟ್ಟರು. ಆದರೆ ಲ್ಯಾಪ್‌ಟಾಪಿನಲ್ಲಿ ಅದು ಕಾಣಿಸಲೇ ಇಲ್ಲ. “ಜಾಲದ ಹಾದಿ ಸಿಗಲಿಲ್ಲ” ಎಂಬ ಅರ್ಥದ ಸೂಚನೆಯೂ, ಅದರೊಡನೆ 0x80070035 ಎಂಬ ಸಂಖ್ಯೆಯೂ ಬಂದುವು.

ಮೊದಲನೆಯ ತಡೆ: ವಿಳಾಸ

ಮನೆಯ ಕಂಪ್ಯೂಟರುಗಳನ್ನು ಕೂಡಿಸುವ ಪೆಟ್ಟಿಗೆಗೆ ರೌಟರ್ ಎಂದು ಹೆಸರು. ಹಿಂದೆ ಊರಿನ ನೀರುಗಂಟಿಯು ಯಾರ ಜಮೀನಿಗೆ ಯಾವಾಗ ನೀರೆಂದು ಗೊತ್ತುಮಾಡುತ್ತಿದ್ದಂತೆ, ರೌಟರು ತನ್ನಲ್ಲಿಗೆ ಬಂದ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸವನ್ನು ಗೊತ್ತುಮಾಡುತ್ತದೆ. ಈ ವಿಳಾಸದಲ್ಲಿ ನಾಲ್ಕು ಅಂಕೆಗಳಿರುತ್ತವೆ. ಪ್ರತಿಯೊಂದೂ 0ಯಿಂದ 255ರ ಒಳಗಿನದು. ಮನೆ, ಕಚೇರಿಗಳ ಒಳಬಳಕೆಗಾಗಿಯೇ ಕೆಲವು ವಿಳಾಸಗಳನ್ನು 1994ರಲ್ಲಿ ಮೀಸಲಾಗಿಟ್ಟರು. 192.168 ಎಂದು ಮೊದಲಾಗುವ ವಿಳಾಸಗಳು ಅಂಥವು. ಎಷ್ಟು ಮನೆಗಳಲ್ಲಿ ಬೇಕಾದರೂ ಅವೇ ವಿಳಾಸಗಳಿರಬಹುದು. ಅವು ಮನೆಯ ಹೊರಗೆ ನಡೆಯುವುದಿಲ್ಲವಾದುದರಿಂದ ಗೊಂದಲವಾಗದು.

ವಿಂಡೋಸಿನ ಆಜ್ಞಾಕಿಟಕಿಯಲ್ಲಿ ‘ಐಪಿಕಾನ್ಫಿಗ್’ ಎಂಬ ಆಜ್ಞೆಯನ್ನು ಕೊಟ್ಟರೆ ಯಂತ್ರದ ವಿಳಾಸವು ತಿಳಿಯುತ್ತದೆ. ನಾವು ಎರಡು ಯಂತ್ರಗಳಲ್ಲಿಯೂ ನೋಡಿದೆವು. ಹಳೆಯದರಲ್ಲಿ 192.168.1.4 ಎಂದಿತ್ತು, ಲ್ಯಾಪ್‌ಟಾಪಿನಲ್ಲಿ 192.168.43.120 ಎಂದಿತ್ತು. ಮೂರನೆಯ ಅಂಕೆಯನ್ನು ಗಮನಿಸಿರಿ. ವಿಳಾಸದ ಜೊತೆಗೆ ಕಾಣುವ 255.255.255.0 ಎಂಬ ಇನ್ನೊಂದು ಸಂಖ್ಯೆಯ ಅರ್ಥವೇನೆಂದರೆ, ಮೊದಲ ಮೂರು ಅಂಕೆಗಳು ಒಂದೇ ಆಗಿರುವ ಯಂತ್ರಗಳು ಮಾತ್ರ ಒಂದೇ ಕೇರಿಯವು. ಇಲ್ಲಿ 1 ಮತ್ತು 43 ಬೇರೆಬೇರೆ ಕೇರಿಗಳಾದುವು.

ಇದು ಹೇಗಾಯಿತು? ಬೆಳಿಗ್ಗೆ ಕರೆಂಟು ಹೋಗಿದ್ದಾಗ ರೌಟರು ಆರಿತ್ತು. ಮಗಳು ತನ್ನ ಮೊಬೈಲಿನ ಇಂಟರ್ನೆಟ್ಟನ್ನೇ ಲ್ಯಾಪ್‌ಟಾಪಿಗೆ ಹಂಚಿಕೊಂಡಿದ್ದಳು. ಕರೆಂಟು ಬಂದ ಮೇಲೆಯೂ ಲ್ಯಾಪ್‌ಟಾಪು ಮೊಬೈಲನ್ನೇ ಹಿಡಿದುಕೊಂಡಿತ್ತು. ಎರಡರಲ್ಲಿಯೂ ಇಂಟರ್ನೆಟ್ ಬರುತ್ತಿದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲ. ಇಂಟರ್ನೆಟ್ ಬರುವುದು ಬೇರೆ, ಒಂದೇ ಜಾಲದಲ್ಲಿರುವುದು ಬೇರೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡತಕ್ಕದ್ದು. ಲ್ಯಾಪ್‌ಟಾಪನ್ನು ಮನೆಯ ವೈಫೈಗೆ ಸೇರಿಸಿದೊಡನೆ ಅದರ ವಿಳಾಸವು 192.168.1.7 ಎಂದಾಯಿತು.

ಪ್ರಸಂಗವಶಾತ್ ಇನ್ನೊಂದು ಮಾತು: ವಿಳಾಸವು 169.254 ಎಂದು ಮೊದಲಾಗಿದ್ದರೆ, ಯಂತ್ರವು ವಿಳಾಸವನ್ನು ಕೇಳಿದರೂ ರೌಟರಿನಿಂದ ಉತ್ತರ ಬಾರದೆ, ತಾನೇ ಒಂದನ್ನು ಇಟ್ಟುಕೊಂಡಿದೆಯೆಂದು ತಿಳಿಯಬೇಕು. ಆಗ ತಂತಿಯನ್ನೂ ರೌಟರನ್ನೂ ಪರೀಕ್ಷಿಸಬೇಕು.

ಎರಡನೆಯ ತಡೆ: ಬಾಗಿಲು

ಇಷ್ಟಾದರೂ ಫೋಲ್ಡರು ತೆರೆಯಲಿಲ್ಲ. ಹಳೆಯ ಸೂಚನೆಯೇ ಮತ್ತೆ ಬಂದಿತು. ನಾವು ‘ಪಿಂಗ್’ ಎಂಬ ಆಜ್ಞೆಯನ್ನು ಪ್ರಯೋಗಿಸಿದೆವು. ಇದು ಇನ್ನೊಂದು ಯಂತ್ರವನ್ನು “ಇದ್ದೀಯಾ?” ಎಂದು ಕೂಗಿ, ಓಗೊಡುವುದೋ ಎಂದು ಕಾಯುವಂಥದು. ಲ್ಯಾಪ್‌ಟಾಪಿನಿಂದ ರೌಟರನ್ನು ಕೂಗಿದೆವು, ಉತ್ತರ ಬಂದಿತು. ಹಳೆಯ ಕಂಪ್ಯೂಟರಿನಿಂದ ರೌಟರನ್ನು ಕೂಗಿದೆವು, ಆಗಲೂ ಬಂದಿತು. ಆದರೆ ಲ್ಯಾಪ್‌ಟಾಪಿನಿಂದ ಹಳೆಯ ಕಂಪ್ಯೂಟರನ್ನು ಕೂಗಿದರೆ ಉತ್ತರವಿಲ್ಲ. ಎರಡು ಕಡೆಯಿಂದಲೂ ರೌಟರಿನವರೆಗೆ ಹಾದಿ ಸರಿಯಾಗಿದ್ದುದರಿಂದ ತಂತಿಯ ಮೇಲೂ ವೈಫೈಯ ಮೇಲೂ ತಪ್ಪು ಹೊರಿಸುವಂತಿರಲಿಲ್ಲ. ಹಳೆಯ ಯಂತ್ರವೇ ಬಾಗಿಲು ಹಾಕಿಕೊಂಡಿರಬೇಕು.

ಒಂದು ಕಂಪ್ಯೂಟರಿನಲ್ಲಿ ಅನೇಕ ಸೇವೆಗಳು ನಡೆಯುವುದರಿಂದ ಒಂದೊಂದಕ್ಕೂ ಸಂಖ್ಯೆಯುಳ್ಳ ಬಾಗಿಲುಗಳುಂಟು. ಕಡತಗಳ ಹಂಚಿಕೆಗೆ 445ನೆಯ ಬಾಗಿಲು. ಫೈರ್‌ವಾಲ್ ಎಂಬ ಕಾವಲುಗಾರನು ಯಾವ ಬಾಗಿಲನ್ನು ತೆರೆಯಬೇಕು, ಯಾವುದನ್ನು ಮುಚ್ಚಬೇಕು ಎಂದು ತೀರ್ಮಾನಿಸುತ್ತಾನೆ. ನಾವು ಇರುವ ಜಾಲವು ‘ಸಾರ್ವಜನಿಕ’ವೆಂದು ಗುರುತಾಗಿದ್ದರೆ, ಬಸ್ ನಿಲ್ದಾಣದಲ್ಲಿ ಕುಳಿತಿರುವಂತೆ ಭಾವಿಸಿ, ಅವನು 445ನ್ನು ಮುಚ್ಚಿರುತ್ತಾನೆ, ಪಿಂಗ್ ಎಂಬ ಕೂಗಿಗೂ ಓಗೊಡಲು ಬಿಡುವುದಿಲ್ಲ. ಹಳೆಯ ಯಂತ್ರದಲ್ಲಿ ಮನೆಯ ಜಾಲವು ‘ಸಾರ್ವಜನಿಕ’ವೆಂದೇ ಗುರುತಾಗಿತ್ತು. ಅದನ್ನು ‘ಮನೆಯ ಜಾಲ’ವೆಂದು ಬದಲಾಯಿಸಿದೆವು. (ವಿಂಡೋಸ್ 11ರಲ್ಲಿ ಇದಕ್ಕೆ ‘ಖಾಸಗಿ’ ಎಂಬ ಹೆಸರಿದೆ.)

ಈ ಹಂತದಲ್ಲಿ ನೆರೆಯ ಯುವಕನೊಬ್ಬನು, “ಫೈರ್‌ವಾಲನ್ನೇ ತೆಗೆದುಬಿಟ್ಟರೆ ಆಗುವುದಿಲ್ಲವೆ? ಹಳೆಯ ಎಸ್‌ಎಂಬಿ 1 ಅನ್ನೂ ಹಾಕಿಬಿಡಿ” ಎಂದನು. ಇದಕ್ಕೆ ಉತ್ತರ ಹೇಳುವುದು ಅವಶ್ಯಕ.

ಕಡತಗಳ ಹಂಚಿಕೆಯಲ್ಲಿ ಯಂತ್ರಗಳು ಆಡುವ ಭಾಷೆಗೆ ಎಸ್‌ಎಂಬಿ ಎಂದು ಹೆಸರು. 1980ರ ದಶಕದಲ್ಲಿ ಐಬಿಎಂ ಸಂಸ್ಥೆಯ ಬ್ಯಾರಿ ಫೈಗನ್‌ಬಾಮ್ ಎಂಬುವರು ಇದನ್ನು ರಚಿಸಿದರು. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯದ ಆಂಡ್ರೂ ಟ್ರಿಜೆಲ್ ಅವರು ‘ಸಾಂಬಾ’ ಎಂಬ ಉಚಿತ ತಂತ್ರಾಂಶವನ್ನು ಬರೆದುದರಿಂದ ಲಿನಕ್ಸ್ ಯಂತ್ರಗಳೂ ಈ ಭಾಷೆಯನ್ನು ಆಡುವಂತಾಯಿತು. ಇದರ ಮೊದಲ ಆವೃತ್ತಿಯಲ್ಲಿದ್ದ ಒಂದು ದೋಷವನ್ನು ಸರಿಪಡಿಸುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ 2017ರ ಮಾರ್ಚಿಯಲ್ಲಿ ಪ್ರಕಟಿಸಿತು. ತಿದ್ದುಪಡಿಯನ್ನು ಹಾಕಿಕೊಳ್ಳದ ಯಂತ್ರಗಳಿಗೆ ಅದೇ ವರ್ಷದ ಮೇ 12ರಿಂದ ‘ವನ್ನಾಕ್ರೈ’ ಎಂಬ ಪಿಡುಗು ತಗುಲಿತು. ಅದು 445ನೆಯ ಬಾಗಿಲಿನ ಮೂಲಕ ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹಬ್ಬಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. 150ಕ್ಕೂ ಹೆಚ್ಚು ದೇಶಗಳು ಅದಕ್ಕೆ ತುತ್ತಾದುವು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ವಿಂಡೋಸ್ 7ಕ್ಕೆ ಎಸ್‌ಎಂಬಿಯ ಎರಡನೆಯ ಆವೃತ್ತಿಯೂ ಬರುವುದರಿಂದ ಮೊದಲನೆಯದು ನಮಗೆ ಬೇಕಾಗಿಯೇ ಇರಲಿಲ್ಲ. ಒಂದು ತೂಬನ್ನು ಎತ್ತಿದರೆ ಸಾಲುವ ಕಡೆ ಕೆರೆಯ ಏರಿಯನ್ನೇ ಕಡಿಯುವವರುಂಟೆ?

ಮೂರನೆಯ ತಡೆ: ಗುರುತು

ಈಗ ಸೂಚನೆಯು ಬದಲಾಯಿತು. ಹೆಸರನ್ನೂ ಪಾಸ್‌ವರ್ಡನ್ನೂ ಕೇಳಿತು. ಫೋಲ್ಡರು ತೆರೆಯದಿದ್ದರೂ ಇದು ಮುನ್ನಡೆಯೇ. ಸೂಚನೆಯು ಬದಲಾಯಿತೆಂದರೆ ಒಂದು ತಡೆಯು ದಾಟಿತೆಂದೂ, ನಾವು ಮುಂದಿನದರ ಬಳಿಗೆ ಬಂದಿರುವೆವೆಂದೂ ಅರ್ಥ. ಇದನ್ನು ಅರಿಯದವರು, “ಏನು ಮಾಡಿದರೂ ಆಗಲಿಲ್ಲ” ಎಂದು ಸರಿಪಡಿಸಿದ್ದನ್ನೂ ಕೆಡಿಸಿಬಿಡುತ್ತಾರೆ.

ತಂದೆಯವರ ಖಾತೆಗೆ ಪಾಸ್‌ವರ್ಡೇ ಇರಲಿಲ್ಲ. ಅಂಥ ಖಾತೆಯಲ್ಲಿ ಯಂತ್ರದ ಮುಂದೆ ಕುಳಿತು ಕೆಲಸ ಮಾಡಬಹುದು. ಆದರೆ ಜಾಲದ ಮೂಲಕ ಬರುವವರಿಗೆ ವಿಂಡೋಸು ಆ ಖಾತೆಯನ್ನು ಕೊಡುವುದಿಲ್ಲ. ಆದುದರಿಂದ ಹಳೆಯ ಯಂತ್ರದಲ್ಲಿ ಮಗಳಿಗಾಗಿ ಬೇರೊಂದು ಖಾತೆಯನ್ನು ತೆರೆದು, ಅದಕ್ಕೆ ಪಾಸ್‌ವರ್ಡನ್ನು ಇಟ್ಟೆವು. ಲ್ಯಾಪ್‌ಟಾಪನ್ನು ತೆರೆಯುವಾಗ ಒತ್ತುವ ‘ಪಿನ್’ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಬೇಕಾದುದು, ಕಡತವು ಯಾವ ಯಂತ್ರದಲ್ಲಿದೆಯೋ ಆ ಯಂತ್ರದಲ್ಲಿರುವ ಖಾತೆಯ ಹೆಸರು ಮತ್ತು ಪಾಸ್‌ವರ್ಡು.

ಫೋಲ್ಡರು ತೆರೆಯಿತು. ಆದರೆ ತಿದ್ದಿದುದನ್ನು ಉಳಿಸಲು ಹೋದರೆ ಅನುಮತಿಯಿಲ್ಲವೆಂದಿತು. ಇಲ್ಲಿ ಎರಡು ಅನುಮತಿಗಳಿವೆ: ಒಂದು ಹಂಚಿಕೆಯದು, ಇನ್ನೊಂದು ಡಿಸ್ಕಿನ ಮೇಲಿನ ಫೋಲ್ಡರಿನದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಹಂಚಿಕೆಯಲ್ಲಿ ‘ಓದಲು ಮಾತ್ರ’ ಎಂದಿದ್ದುದನ್ನು, ಮಗಳ ಖಾತೆಗೆ ಮಾತ್ರ ‘ಬದಲಾಯಿಸಬಹುದು’ ಎಂದು ಮಾಡಿದೆವು. ಡಿಸ್ಕಿನ ಅನುಮತಿಯನ್ನೂ ಅವಳ ಹೆಸರಿಗೆ ಕೊಟ್ಟೆವು.

ನಾಲ್ಕನೆಯ ತಡೆ: ಅಕ್ಷರ

ಕಡತವು ಬಂದಿತು, ಆದರೆ ಕನ್ನಡವು ಬರಲಿಲ್ಲ! ಪುಟದ ತುಂಬ ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಂಡುವು. ಪ್ರಬಂಧವೇ ಕೆಟ್ಟುಹೋಯಿತೆಂದು ಮಗಳು ಗಾಬರಿಯಾದಳು. ವಾಸ್ತವವಾಗಿ ಏನೂ ಕೆಟ್ಟಿರಲಿಲ್ಲ. ತಂದೆಯವರು ಟೈಪು ಮಾಡಿದ್ದುದು ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ. ಈ ಪದ್ಧತಿಯಲ್ಲಿ ಕನ್ನಡದ ಅಕ್ಷರಭಾಗಗಳು ರೋಮನ್ ಅಕ್ಷರಗಳ ಸಂಕೇತಗಳಲ್ಲಿಯೇ ಕುಳಿತಿರುತ್ತವೆ. ಆ ಫಾಂಟು ಇದ್ದ ಯಂತ್ರದಲ್ಲಿ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಯೂನಿಕೋಡಿನಲ್ಲಾದರೋ, 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ತನ್ನದೇ ಆದ ಸಂಕೇತಗಳಿವೆ. ಲ್ಯಾಪ್‌ಟಾಪಿಗೆ ನುಡಿಯ ಫಾಂಟುಗಳನ್ನು ಹಾಕಿದೊಡನೆ ಪ್ರಬಂಧವು ಯಥಾಸ್ಥಿತಿಯಲ್ಲಿ ಕಂಡಿತು. ಕಾಲಾಂತರದಲ್ಲಿ ಅದನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಉತ್ತಮ.

ಕೊನೆಯ ಎರಡು ಎಚ್ಚರಿಕೆಗಳು

ರೌಟರು ಆರಿ ಹೊತ್ತಿದಾಗ ವಿಳಾಸಗಳು ಬದಲಾಗಬಹುದು. ಆದುದರಿಂದ ಫೋಲ್ಡರನ್ನು ಸಂಖ್ಯೆಯ ಬದಲು ಕಂಪ್ಯೂಟರಿನ ಹೆಸರಿನಿಂದ ಕರೆಯುವುದು ಮೇಲು. ಅಥವಾ ಹಳೆಯ ಯಂತ್ರಕ್ಕೆ ಒಂದೇ ವಿಳಾಸವನ್ನು ರೌಟರಿನಲ್ಲಿ ಕಾಯ್ದಿರಿಸಬಹುದು. ಸಂಖ್ಯೆಯಿಂದ ತೆರೆದು ಹೆಸರಿನಿಂದ ತೆರೆಯದಿದ್ದರೆ, ಹಾದಿಯು ಸರಿಯಿದೆ, ಹೆಸರನ್ನು ಗುರುತಿಸುವುದರಲ್ಲಿ ದೋಷವಿದೆ ಎಂದು ತಿಳಿಯಬೇಕು.

ಹಂಚಿಕೆಯೆಂದರೆ ಕಾಪುಪ್ರತಿಯಲ್ಲ. ಪ್ರತಿಯು ಒಂದೇ ಆದ ಮೇಲೆ ಆ ಡಿಸ್ಕು ಕೆಟ್ಟರೆ ಇಬ್ಬರಿಗೂ ನಷ್ಟ. ವಿಂಡೋಸ್ 7ಕ್ಕೆ ಭದ್ರತೆಯ ತಿದ್ದುಪಡಿಗಳು 2020ರ ಜನವರಿಯಲ್ಲಿಯೇ ನಿಂತಿರುವುದರಿಂದ ಈ ಭಯವು ಇನ್ನೂ ಹೆಚ್ಚು. ಆ ರಾತ್ರಿ ಮಗಳು ಪ್ರಬಂಧವನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಅದರ ಮೇಲೆ ದಿನಾಂಕವನ್ನು ಬರೆದು ಬೀರುವಿನಲ್ಲಿಟ್ಟಳು. ತಂದೆಯವರು ಹೊಸ ಯಂತ್ರವನ್ನು ಕೊಳ್ಳುವವರೆಗೆ ಹಳೆಯದಕ್ಕೆ ಇಂಟರ್ನೆಟ್ ಬೇಡವೆಂದು ರೌಟರಿನಲ್ಲಿಯೇ ತಡೆದರು. ಕಳೆದುಹೋಗಿದ್ದ ಅಧ್ಯಾಯದ ತಿದ್ದುಪಡಿಗಳನ್ನು ಇಬ್ಬರೂ ಕೂಡಿ ಮರುದಿನ ಮತ್ತೆ ಮಾಡಿ ಮುಗಿಸಿದರು.

ಅಭ್ಯಾಸ

1. ನಿಮ್ಮ ಮನೆಯ ಎರಡು ಯಂತ್ರಗಳ ವಿಳಾಸಗಳನ್ನು ಬರೆದುಕೊಂಡು, ಅವು ಒಂದೇ ಕೇರಿಯವೇ ಎಂದು ಹೇಳಿರಿ.

2. ಪಿಂಗ್‌ಗೆ ಉತ್ತರ ಬಾರದಿದ್ದರೆ ಹಾದಿಯೇ ಇಲ್ಲವೆಂದು ನಿರ್ಣಯಿಸಬಹುದೆ? ಕಾರಣ ಕೊಡಿರಿ.

3. ಹಂಚಿಕೆಯಲ್ಲಿ ‘ಬದಲಾಯಿಸಬಹುದು’ ಎಂದೂ, ಡಿಸ್ಕಿನಲ್ಲಿ ‘ಓದಲು ಮಾತ್ರ’ ಎಂದೂ ಇದ್ದರೆ, ಜಾಲದ ಮೂಲಕ ಬಂದವನು ಏನು ಮಾಡಬಲ್ಲನು?