ಬಂಡೆ ಮರಳಾಗುವ ಬಗೆ

ಗಟ್ಟಿ ಬಂಡೆಯನ್ನು ಹಂತಹಂತವಾಗಿ ಒಡೆದು, ಕಾಳಿಗೆ ಆಕಾರ ಕೊಟ್ಟು, ಜರಡಿ ಹಿಡಿದು, ತೊಳೆದು ತಯಾರಿಸಿದ ಮರಳೇ ಎಂ-ಸ್ಯಾಂಡ್. ಜಲ್ಲಿ ಒಡೆಯುವಾಗ ಯಂತ್ರದ ಕೆಳಗೆ ಉದುರುವ ಕ್ರಷರ್ ಡಸ್ಟ್ ಬೇರೆ. ಎರಡರ ಬಣ್ಣವೂ ಬೂದು. ಮನೆ ಕಟ್ಟಿಸುವವರು ಮೋಸ ಹೋಗುವುದು ಇಲ್ಲಿಯೇ.

ಮೊದಲು ಕಲ್ಲಿನ ಆಯ್ಕೆ. ದಕ್ಷಿಣ ಕರ್ನಾಟಕದ ಗ್ರಾನೈಟ್ ಮತ್ತು ನೈಸ್, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕಪ್ಪು ಬಸಾಲ್ಟ್ ಇದಕ್ಕೆ ಒಗ್ಗುತ್ತವೆ. ಬಿಸಿಲು ಮಳೆಗೆ ಶಿಥಿಲವಾದ ಕಲ್ಲು, ಅಭ್ರಕ ಹೆಚ್ಚಿರುವ ಕಲ್ಲು, ಕರಾವಳಿಯ ಮುರಕಲ್ಲು ಬೇಡ. ಮೇಲ್ಮಣ್ಣನ್ನು ಪೂರ್ತಿ ತೆಗೆದ ಮೇಲೆಯೇ ಬಂಡೆ ಸಿಡಿಸಬೇಕು. ಕ್ವಾರಿಯಲ್ಲಿ ಬೆರೆತ ಮಣ್ಣು ಕೊನೆಯವರೆಗೂ ಕಾಡುತ್ತದೆ.

ದಪ್ಪ ಕಲ್ಲು ಮೊದಲು ಜಾ ಕ್ರಷರ್‌ಗೆ ಬೀಳುತ್ತದೆ. ಅದರ ಎರಡು ಉಕ್ಕಿನ ಫಲಕಗಳು ದವಡೆಯಂತೆ ಕಲ್ಲನ್ನು ಅಗಿಯುತ್ತವೆ. ಕೋನ್ ಕ್ರಷರ್ ಅದನ್ನು ಸಣ್ಣ ಜಲ್ಲಿಯಾಗಿಸುತ್ತದೆ. ಇಲ್ಲಿಗೇ ನಿಲ್ಲಿಸಿದರೆ ಸಿಗುವ ಪುಡಿಯಲ್ಲಿ ಚಪ್ಪಟೆ, ಸೂಜಿಯಂಥ ಚೂರುಗಳೇ ಹೆಚ್ಚು. ಅಂಥ ಚೂರುಗಳಿದ್ದರೆ ಕಾಂಕ್ರೀಟ್ ಸುಲಭವಾಗಿ ಹರಿಯದು. ಹರಿಯಲೆಂದು ಮೇಸ್ತ್ರಿ ನೀರು ಹೆಚ್ಚಿಸುತ್ತಾನೆ, ನೀರು ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಕುಗ್ಗುತ್ತದೆ. ಆದ್ದರಿಂದ ಮೂರನೆಯ ಯಂತ್ರವಾದ ವಿಎಸ್‌ಐ (ವರ್ಟಿಕಲ್ ಶಾಫ್ಟ್ ಇಂಪ್ಯಾಕ್ಟರ್) ಬಿಡುವಂತಿಲ್ಲ. ಅದರೊಳಗೆ ವೇಗವಾಗಿ ತಿರುಗುವ ರೋಟರ್ ಜಲ್ಲಿಯನ್ನು ಹೊರಕ್ಕೆ ಎಸೆಯುತ್ತದೆ. ಕಲ್ಲಿಗೆ ಕಲ್ಲೇ ಬಡಿದು ಮೊನೆಗಳು ಮುರಿಯುತ್ತವೆ, ಕಾಳು ಘನಾಕಾರಕ್ಕೆ ಬರುತ್ತದೆ. ಎಂ-ಸ್ಯಾಂಡ್‌ನ ಗುಣ ನಿಂತಿರುವುದೇ ಈ ಹಂತದ ಮೇಲೆ.

ಮುಂದಿನದು ಜರಡಿ. 4.75 ಮಿ.ಮೀ. ಕಣ್ಣಿನಲ್ಲಿ ಇಳಿಯದ್ದು ಮತ್ತೆ ಕ್ರಷರ್‌ಗೆ ಹೋಗುತ್ತದೆ. ಇಳಿದದ್ದನ್ನು ನೀರಿನಲ್ಲಿ ತೊಳೆದು ಅಥವಾ ಗಾಳಿ ಹಾಯಿಸಿ ನುಣ್ಣನೆಯ ಪುಡಿಯನ್ನು ಬೇರ್ಪಡಿಸುತ್ತಾರೆ. ಐಎಸ್ 383:2016 ಮಾನದಂಡದಂತೆ ಒಡೆದ ಕಲ್ಲಿನ ಮರಳಿನಲ್ಲಿ 150 ಮೈಕ್ರಾನ್ ಜರಡಿಯಲ್ಲಿ ಇಳಿಯುವ ಪುಡಿ ಶೇ 20 ಮೀರಬಾರದು, 75 ಮೈಕ್ರಾನ್‌ನಲ್ಲಿ ಶೇ 15. ಹಾಗೆಂದು ಪುಡಿಯನ್ನೆಲ್ಲ ತೊಳೆದು ಬಿಡುವುದೂ ಸರಿಯಲ್ಲ. ಕಾಳುಗಳ ನಡುವಿನ ಸಂದು ತುಂಬಲು ಸ್ವಲ್ಪ ಬೇಕು. ತೊಳೆದ ನೀರನ್ನು ತೊಟ್ಟಿಯಲ್ಲಿ ತಿಳಿಯಾಗಿಸಿ ಮತ್ತೆ ಬಳಸಬಹುದು.

ಇದೇ ಮಾನದಂಡ ಕಾಳಿನ ಗಾತ್ರ ನೋಡಿ ಮರಳನ್ನು ವಲಯಗಳಾಗಿ ವಿಂಗಡಿಸುತ್ತದೆ. ಕಾಂಕ್ರೀಟ್‌ಗೆ ಸಾಮಾನ್ಯವಾಗಿ ಎರಡನೇ ವಲಯದ ಮರಳು ಹೊಂದುತ್ತದೆ. ಅಲ್ಲಿ 600 ಮೈಕ್ರಾನ್ ಜರಡಿಯಲ್ಲಿ ಶೇ 35ರಿಂದ 59ರಷ್ಟು ಇಳಿಯಬೇಕು. ಗೋಡೆಯ ಗಾರೆಗೆ ಇನ್ನೂ ನುಣುಪಾದ ಪಿ-ಸ್ಯಾಂಡ್ ಬೇರೆಯೇ ಸಿಗುತ್ತದೆ.

ಈ ಕೆಲಸದ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗುವ ಕಾಯಿಲೆಯಲ್ಲ. ನೀರು ಸಿಂಪಡಿಸುವುದು, ಬೆಲ್ಟ್‌ಗಳಿಗೆ ಮುಚ್ಚಿಗೆ ಹಾಕುವುದು, ಕಾರ್ಮಿಕರಿಗೆ ತಕ್ಕ ಮಾಸ್ಕ್ ಕೊಡುವುದು ಮಾಲೀಕರ ಹೊಣೆ. ಕರ್ನಾಟಕದಲ್ಲಿ ಕ್ರಷರ್‌ಗಳ ನಿಯಂತ್ರಣಕ್ಕೆ 2011ರ ಕಾಯ್ದೆಯೇ ಇದೆ.

ಕೊಳ್ಳುವವರು ಒಂದು ಹಿಡಿ ಮರಳನ್ನು ಒದ್ದೆ ಮಾಡಿ ಅಂಗೈಯಲ್ಲಿ ಉಜ್ಜಿ ನೋಡಬೇಕು. ಜಿಗುಟು ಅಂಟಿದರೆ ಮಣ್ಣು ಬೆರೆತಿದೆ ಎಂದರ್ಥ. ಗಾಜಿನ ಲೋಟದಲ್ಲಿ ನೀರು ಹಾಕಿ ಕಲಕಿ ಬಿಟ್ಟರೆ ಪುಡಿ ಮೇಲೆ ಪದರವಾಗಿ ಕೂರುತ್ತದೆ. ಪದರ ದಪ್ಪವಿದ್ದರೆ ಅನುಮಾನಿಸಬೇಕು. ಇವು ಅಂದಾಜು ಮಾತ್ರ. ಜರಡಿ ಪರೀಕ್ಷೆಯ ವರದಿಯನ್ನು ಲಾರಿ ಮರಳು ಸುರಿಯುವ ಮೊದಲೇ ಕೇಳಿ ಪಡೆಯಿರಿ.